ರೇಡಿಯೋ ಸುಮ್ಮನಿದ್ದ ದಾರಿ

ನಮ್ಮ ಬೀದಿಯ ಇಸ್ತ್ರಿ ಅಂಗಡಿಯ ಹೆಂಗಸಿಗೆ ‘ರೇಡಿಯೋ’ ಎಂದು ಅಡ್ಡಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಯಾರೇ ಆಗಿರಲಿ, ಅವರಿಗೆ ಕೈ ಮುಗಿಯಬೇಕು. ಬೆಳಿಗ್ಗೆ ಅಂಗಡಿಯ ಹಲಗೆಬಾಗಿಲು ತೆಗೆಯುವಾಗ ಶುರುವಾದ ಮಾತು ಸಂಜೆ ಇಸ್ತ್ರಿಪೆಟ್ಟಿಗೆಯ ಕೆಂಡ ಸುರಿಯುವವರೆಗೂ ನಿಲ್ಲುವುದಿಲ್ಲ. ನಡುವೆ ಕೆಮ್ಮು ಬಂದರೆ ಕೆಮ್ಮಿ ಮುಗಿಸಿ, ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಅಂಗಿ ಕೊಡಲು ಹೋದವರು ಅಂಗಿ ಕೊಟ್ಟು ಸುಮ್ಮನೆ ಬರುವಂತಿಲ್ಲ. ಕಾಲರಿನ ಬೆವರು ನೋಡಿ ನಿಮ್ಮ ಆಫೀಸಿನ ಫ್ಯಾನು ಕೆಟ್ಟಿದೆ ಎನ್ನುತ್ತಾರೆ, ಸೀರೆಯ ಅಂಚು ನೋಡಿ ಚಪ್ಪಲಿಯ ಮೊಳೆ ಎದ್ದಿದೆ ಎನ್ನುತ್ತಾರೆ. ಎರಡೂ ನಿಜವೇ ಆಗಿರುತ್ತವೆ, ಅದು ಇನ್ನೂ ಸಿಟ್ಟು ಬರಿಸುವ ವಿಷಯ. ಅವರ ಗಂಡ ಬದುಕಿದ್ದಾಗ ‘ಈ ರೇಡಿಯೋಗೆ ತಿರುಪೇ ಇಲ್ಲ ನೋಡಿ’ ಅನ್ನುತ್ತಿದ್ದರಂತೆ. ಅಷ್ಟು ಹೇಳಲು ಆ ಮನುಷ್ಯನಿಗೆ ಸಂದು ಯಾವಾಗ ಸಿಕ್ಕಿತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನನಗೆ ಅವರು ಬರೀ ಇಸ್ತ್ರಿ ಅಂಗಡಿಯವರಲ್ಲ. ನನ್ನ ತಮ್ಮನಿಗೆ ಹೆಣ್ಣು ಕೊಟ್ಟವರು, ನಮ್ಮಮ್ಮನಿಗೆ ಬೀಗಿತ್ತಿ. ನಾನು ಅತ್ತೆ ಎಂದೇ ಕರೆಯುತ್ತೇನೆ. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆದು ಕೊಡುವವಳು. ದಿನವಿಡೀ ಬಾಯಿ ತೆರೆದುಕೊಂಡಿದ್ದರೂ ಮಾತಾಡಲಾಗದ ಜನರ ನಡುವೆ ಇದ್ದು ಅಭ್ಯಾಸವಾದವಳಿಗೆ ಸಂಜೆ ರೇಡಿಯೋ ಅತ್ತೆಯ ಅಂಗಡಿ ದಾಟುವುದೆಂದರೆ ಒಂದು ಪರೀಕ್ಷೆ. ಎಷ್ಟೋ ಸಲ ಹಿಂದಿನ ಬೀದಿಯಿಂದ ಸುತ್ತು ಹಾಕಿಕೊಂಡು ಮನೆ ಸೇರಿದ್ದೇನೆ.

ಇಷ್ಟೆಲ್ಲ ಮಾತಾಡುವ ಹೆಂಗಸಿನ ಜೊತೆ ಮಾತು ಬಿಟ್ಟವಳು ಒಬ್ಬಳೇ ಒಬ್ಬಳು. ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗಳು, ನನ್ನ ತಮ್ಮನ ಹೆಂಡತಿ.

ಅದು ಹೀಗಾಯಿತು. ನನ್ನ ತಮ್ಮನ ಹೆಂಡತಿಗೆ ಮೊದಲ ಬಸಿರು. ಎಲ್ಲ ಸರಿಯಿದೆ ಅಂದುಕೊಂಡಿದ್ದಾಗ, ದಿನ ಹತ್ತಿರ ಬಂದಾಗ, ಕೂಸು ಒಳಗೇ ಹೋಗಿಬಿಟ್ಟಿತು. ಹೆಣ್ಣು ಮಗು. ಆಸ್ಪತ್ರೆಯ ಕೋಣೆಯಲ್ಲಿ ನಾವೆಲ್ಲ ನಿಂತಿದ್ದೆವು. ನಮ್ಮಲ್ಲಿ ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ರೇಡಿಯೋ ಅತ್ತೆಗೆ ತೋಚಿತು. ಅವರಿಗೆ ಯಾವಾಗಲೂ ತೋಚುತ್ತದೆ. ಮಗಳ ತಲೆ ಸವರುತ್ತಾ ಒಂದೇ ಸಮನೆ ಹೇಳುತ್ತಾ ಹೋದರು: ವಯಸ್ಸಿನ್ನೂ ಇದೆ, ಮೈಯಲ್ಲಿ ಶಕ್ತಿ ಇದೆ, ಬರೋ ವರ್ಷ ಇಷ್ಟು ಹೊತ್ತಿಗೆ ಇನ್ನೊಂದು ಎತ್ಕೊಂಡಿರ್ತೀಯ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. “ಅಳಬೇಡ ಮಗಳೇ, ಅದು ಹುಟ್ಟೇ ಇಲ್ಲ ಅಂದ್ಕೋ” ಅಂದುಬಿಟ್ಟರು.

ಮಗಳು ಗೋಡೆಯ ಕಡೆ ತಿರುಗಿ ಮಲಗಿದಳು. ಅವತ್ತು ತಿರುಗಿದ ಮುಖ ಮತ್ತೆ ಅಮ್ಮನ ಕಡೆ ತಿರುಗಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಅದೂ ಇಲ್ಲ. ಎದುರು ಬಂದರೆ ಪಕ್ಕಕ್ಕೆ ಸರಿಯುವುದು, ಕೇಳಿದ್ದಕ್ಕೆ ತಲೆಯಾಡಿಸುವುದು, ಅಷ್ಟೇ. ನನ್ನ ತಮ್ಮ ಎಷ್ಟು ಹೇಳಿ ನೋಡಿದ. ನಾನೂ ಹೇಳಿದೆ. ಅವಳು ಬೇಕರಿಯಲ್ಲಿ ಕೇಕಿನ ಮೇಲೆ ಹೂ ಬಿಡಿಸಿ ಹೆಸರು ಬರೆಯುವ ಕೆಲಸದವಳು. ಕೈ ಎಷ್ಟು ಹಗುರವೋ ಮನಸ್ಸು ಅಷ್ಟೇ ಗಟ್ಟಿ. ರೇಡಿಯೋ ಅತ್ತೆಗೆ ಆ ಮೌನ ಹೇಗೆ ತಾಕಿತೆಂದರೆ, ಅವರು ಮೊದಲಿಗಿಂತ ಹೆಚ್ಚು ಮಾತಾಡತೊಡಗಿದರು. ಕಂಡವರ ಬಳಿಯೆಲ್ಲ ಮಗಳ ವಿಷಯ. ಸಮಜಾಯಿಷಿ ಹೇಳಿದಷ್ಟೂ ಆ ಸಮಜಾಯಿಷಿ ಬೀದಿ ಸುತ್ತಿ ಮಗಳ ಕಿವಿಗೆ ಬಂದು ಬೀಳುತ್ತಿತ್ತು. ಗಾಯ ಆರಲು ಬಿಟ್ಟರೆ ತಾನೇ?

ಅಂಥ ಹೆಂಗಸನ್ನು ನಮ್ಮ ಚರ್ಚಿನ ಫಾದರ್ ಒಂದು ಕೆಲಸಕ್ಕೆ ಆರಿಸಿದರು. ಅವರಿಗೆ ವಯಸ್ಸಾಗಿ ಮಂಡಿ ಕೈಕೊಟ್ಟಿತ್ತು. ಭಾನುವಾರದ ಪೂಜೆ ಮುಗಿದ ಮೇಲೆ ಮನೆಯಲ್ಲೇ ಮಲಗಿರುವ ಕಾಯಿಲೆಯವರಿಗೆ ಪರಮಪ್ರಸಾದವನ್ನು, ಅಂದರೆ ಕ್ರಿಸ್ತಸ್ವಾಮಿಯ ಶರೀರವೆಂದೇ ನಾವು ನಂಬುವ ತೆಳು ರೊಟ್ಟಿಯನ್ನು, ಒಯ್ದು ಕೊಡುವುದು ಅವರಿಂದ ಆಗುತ್ತಿರಲಿಲ್ಲ. “ನಮ್ಮ ಬೀದಿ ಕಡೆಗೆ ಇನ್ನು ಮೇಲೆ ಇಸ್ತ್ರಿ ಅಮ್ಮ ತಗೊಂಡು ಹೋಗ್ತಾರೆ” ಎಂದು ಬಲಿಪೀಠದ ಪಕ್ಕದಿಂದಲೇ ಹೇಳಿದಾಗ ಮುಂದಿನ ಸಾಲಿನಲ್ಲಿದ್ದ ಮರದ ವ್ಯಾಪಾರಿ ಎದ್ದೇ ನಿಂತರು. ಚರ್ಚಿನ ಸಮಿತಿಯಲ್ಲಿ ಅವರದೇ ಕಾರುಬಾರು.

“ಹೆಂಗಸಿನ ಕೈಲಿ ಕಳಿಸ್ತೀರಾ ಫಾದರ್? ಅದೂ ಹೋಗ್ಲಿ ಅಂದ್ರೆ, ಈ ಹೆಂಗಸಿನ ಕೈಲಾ?”

ಫಾದರ್ ಬಾಯಿ ತೆರೆಯುವ ಮೊದಲೇ ರೇಡಿಯೋ ಹೊತ್ತಿಕೊಂಡಿತು. “ಅಲ್ಲ ಸಾಹುಕಾರ್ರೇ, ಸಮಾಧಿಯಿಂದ ಎದ್ದು ಬಂದ ದಿನ ಸ್ವಾಮಿ ಆ ಸುದ್ದೀನ ಮೊದಲು ಯಾರ ಕೈಲಿ ಹೇಳಿ ಕಳಿಸಿದ್ರು? ಬಾಗಿಲು ಹಾಕ್ಕೊಂಡು ಕೂತಿದ್ರಲ್ಲ ಗಂಡಸರು, ಅವರ ಕೈಲಾ? ಬಾಯಿರೋ ಹೆಂಗಸನ್ನ ನೋಡಿಯೇ ಕಳಿಸಿದ್ದು!”

ಹೆಂಗಸರ ಸಾಲಿನಲ್ಲಿ ನಗು ಎದ್ದಿತು. ನಾನೂ ನಕ್ಕೆ. ಒಪ್ಪಿಕೊಳ್ಳಬೇಕು, ಉತ್ತರ ಬೆಣ್ಣೆಯಿಂದ ಕೂದಲು ತೆಗೆದ ಹಾಗಿತ್ತು.

ಪೂಜೆಯಾದ ಮೇಲೆ ಫಾದರ್ ಅವರನ್ನು ಒಳಗೆ ಕರೆದು ಎಲ್ಲ ತೋರಿಸಿಕೊಟ್ಟರು. ಚಿನ್ನದ ಬಣ್ಣದ ಪುಟ್ಟ ಡಬ್ಬಿ, ಅದನ್ನು ಇಡುವ ಬಟ್ಟೆಯ ಚೀಲ, ಕೊರಳಿಗೆ ಹಾಕಿಕೊಳ್ಳುವ ದಾರ. ಆಮೇಲೆ ಒಂದು ಷರತ್ತು ಹಾಕಿದರು. ಆ ಷರತ್ತನ್ನು ಅತ್ತೆ ಆಮೇಲೆ ಬೀದಿಗೆಲ್ಲ ಹೇಳಿಕೊಂಡು ಅತ್ತದ್ದರಿಂದ ನನಗೆ ಅಕ್ಷರಶಃ ಗೊತ್ತು.

“ಸ್ವಾಮೀನ ಎದೆ ಮೇಲೆ ಇಟ್ಕೊಂಡು ಹೋಗ್ತಾ ಇರ್ತೀರಿ. ಡಬ್ಬಿ ಖಾಲಿ ಆಗೋವರೆಗೂ ಪ್ರಾರ್ಥನೆ ಬಿಟ್ಟು ಬೇರೆ ಒಂದು ಮಾತೂ ಆಡ್ಬಾರ್ದು.”

“ಹೇಗಿದ್ದೀರಿ ಅಂತಲೂ ಕೇಳ್ಬಾರ್ದಾ ಫಾದರ್?”

“ಕೇಳ್ಬೇಡಿ. ಹೇಗಿದ್ದಾರೆ ಅಂತ ನೋಡಿ.”

ಮೊದಲ ಭಾನುವಾರ ಇಡೀ ಬೀದಿ ಬಾಗಿಲಲ್ಲಿ ನಿಂತಿತ್ತು. ಚರ್ಚಿನ ಗೇಟು ದಾಟಿದ ಕೂಡಲೇ ಬಾಯಿ ಬಿಡುತ್ತಾರೆ ಎಂದು ಕೆಲವರು, ಔಷಧಿ ಅಂಗಡಿಯವರೆಗೆ ತಡೆದುಕೊಳ್ಳಬಹುದು ಎಂದು ಕೆಲವರು. ಅತ್ತೆ ಬಂದರು. ತಲೆಯ ಮೇಲೆ ಸೆರಗು, ಗಂಜಿ ಹಾಕಿದ ಬಿಳಿ ಸೀರೆ, ಎದೆಯ ಮೇಲಿನ ಚೀಲಕ್ಕೆ ಎರಡೂ ಕೈ ಅಡ್ಡ. ತುಟಿ ಎಷ್ಟು ಬಿಗಿಯಾಗಿತ್ತೆಂದರೆ ಬಾಯಿಯೇ ಕಾಣುತ್ತಿರಲಿಲ್ಲ. ಔಷಧಿ ಅಂಗಡಿ ದಾಟಿದರು. ಬೇಕರಿ ದಾಟಿದರು. ಮಲಗಿದ್ದವರ ಮನೆಗಳಿಗೆ ಹೋದರು, ಪ್ರಾರ್ಥನೆ ಹೇಳಿದರು, ಪ್ರಸಾದ ಕೊಟ್ಟರು, ಹೊರಬಂದರು. ನಾವೆಲ್ಲ ಪೆಚ್ಚಾಗಿ ಬಾಗಿಲು ಹಾಕಿಕೊಂಡೆವು.

ಈ ಬಾಯಿ ಕಟ್ಟಿದ ಹೊತ್ತನ್ನು ಉಪಯೋಗಿಸಿಕೊಳ್ಳಲು ಬೀದಿಯವರಿಗೆ ಹೆಚ್ಚು ದಿನ ಹಿಡಿಯಲಿಲ್ಲ. ಅಂಗಡಿಯಲ್ಲಿ ಅವರೊಡನೆ ಮಾತಿನಲ್ಲಿ ಗೆದ್ದವರು ಯಾರೂ ಇಲ್ಲ. ಈಗ ಸಿಕ್ಕಿತಲ್ಲ ಅವಕಾಶ! ತರಕಾರಿಯವಳು ಜೊತೆಗೆ ಹೆಜ್ಜೆ ಹಾಕುತ್ತಾ, “ನನ್ನ ನೀಲಿ ಸೀರೆಗೆ ಗಂಜಿ ಸುರಿದು ತಗಡು ಮಾಡಿಟ್ಟಿದ್ದೀಯಲ್ಲಕ್ಕಾ, ಉಡೋದೋ ಛಾವಣಿಗೆ ಹೊದಿಸೋದೋ?” ಅಂದಳು. ಅತ್ತೆಯ ಮುಖ ಕೆಂಪೇರಿತು. ಉಸಿರೆತ್ತಲಿಲ್ಲ. ನಾನೂ ಒಂದು ಭಾನುವಾರ ಪಕ್ಕದಲ್ಲಿ ನಡೆದು ನನ್ನ ಬಿಳಿ ಕೋಟಿನ ಜೇಬು ಸುಟ್ಟ ವಿಷಯ ಎತ್ತಿದೆ. ಸೋಮವಾರ ಎಲ್ಲರಿಗೂ ಬಡ್ಡಿ ಸಮೇತ ಉತ್ತರ ಬರುತ್ತಿತ್ತು, ಅದು ಬೇರೆ ಮಾತು.

ಹೀಗೆ ತಮಾಷೆಗೆ ಶುರುವಾದದ್ದು ಯಾವಾಗ ಬೇರೆಯಾಯಿತೋ ತಿಳಿಯಲಿಲ್ಲ. ನಲ್ಲಿ ರಿಪೇರಿಯವನು ಒಂದು ದಿನ ಗಂಜಿಯ ವಿಷಯ ಶುರುಮಾಡಿ, ಅರ್ಧದಲ್ಲಿ ನಿಲ್ಲಿಸಿ, ತಾನು ಮತ್ತೆ ಕುಡಿಯಲು ಶುರುಮಾಡಿದ್ದನ್ನು ಹೇಳಿಬಿಟ್ಟನಂತೆ. ಇದನ್ನು ಅವನೇ ನನಗೆ ಹೇಳಿದ್ದು, ಅತ್ತೆಯಲ್ಲ. “ಯಾರಿಗಾದ್ರೂ ಹೇಳಿದ್ರೆ ಬುದ್ಧಿ ಹೇಳ್ತಾರೆ. ಅವರು ಏನೂ ಹೇಳ್ಲಿಲ್ಲ. ಹೆಜ್ಜೆ ಸ್ವಲ್ಪ ನಿಧಾನ ಮಾಡಿದ್ರು, ಅಷ್ಟೇ. ಎದೆ ಮೇಲೆ ಸ್ವಾಮಿ ಇದ್ರಲ್ಲ, ಅವರಿಗೂ ಕೇಳಿಸ್ತಲ್ಲಾ ಅನ್ನಿಸ್ತು.” ಸೋಮವಾರ ಅವನು ಹೆದರಿಕೊಂಡೇ ಅಂಗಡಿ ಮುಂದೆ ಹೋದ. ರೇಡಿಯೋ ಎಂದಿನಂತೆ ಊರ ಸುದ್ದಿಯೆಲ್ಲ ಬಿತ್ತರಿಸುತ್ತಿತ್ತು. ಅವನ ಸುದ್ದಿ ಮಾತ್ರ ಎಳ್ಳಷ್ಟೂ ಇರಲಿಲ್ಲ.

ಆಗಲೇ ನಮಗೆಲ್ಲ ಹೊಳೆದದ್ದು. ಅಂಗಡಿಯಲ್ಲಿ ಕೇಳಿದ ಮಾತು ಸಂಜೆಯೊಳಗೆ ನಾಲ್ಕು ಬೀದಿ ಸುತ್ತುತ್ತದೆ. ಭಾನುವಾರದ ದಾರಿಯಲ್ಲಿ ಕೇಳಿದ ಮಾತು ಅವರ ಹೊಟ್ಟೆಯಿಂದ ಹೊರಗೆ ಬರುವುದೇ ಇಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದು ಕಾಯತೊಡಗಿದರು, ಚರ್ಚಿಗೆ ಬರದವರೂ. ಒಬ್ಬರು ನಡೆಯುತ್ತಿದ್ದರೆ ಇನ್ನೊಬ್ಬರು ದೂರದಲ್ಲೇ ನಿಲ್ಲುವುದು ತಾನಾಗಿಯೇ ರೂಢಿಯಾಯಿತು. ಮರದ ವ್ಯಾಪಾರಿ ಕೂಡ ಒಂದು ಭಾನುವಾರ ಟೋಪಿ ಕೈಯಲ್ಲಿ ಹಿಡಿದುಕೊಂಡು ಅವರ ಪಕ್ಕ ನಡೆದದ್ದನ್ನು ನಾನೇ ಕಣ್ಣಾರೆ ಕಂಡೆ. ಏನು ಹೇಳಿದರೋ ದೇವರಿಗೇ ಗೊತ್ತು, ರೇಡಿಯೋ ಅತ್ತೆಗೆ ಗೊತ್ತು. ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡು ಮನೆಗೆ ಹೋದರು. ಆಮೇಲೆ ಸಮಿತಿಯಲ್ಲಿ ಹೆಂಗಸಿನ ಕೈಯ ಮಾತು ಎತ್ತಲಿಲ್ಲ.

ನಾನು ಹೊಗಳುವವರ ಪೈಕಿ ಅಲ್ಲ. ಕ್ಲಿನಿಕ್ಕಿಗೆ ಬಂದವರು ನನ್ನ ಮುಖ ನೋಡಿಯೇ ಹಲ್ಲುನೋವು ಮರೆಯುತ್ತಾರೆ ಎಂದು ಡಾಕ್ಟರು ಹೇಳುವುದುಂಟು. ಆದರೂ ಹೇಳುತ್ತೇನೆ, ಆ ದಿನಗಳಲ್ಲಿ ಆ ಹೆಂಗಸನ್ನು ಕಂಡರೆ ನನಗೆ ಒಂಥರಾ ಗೌರವ ಬರತೊಡಗಿತು. ಮೌನ ಸುಲಭವಾಗಿದ್ದವರು ಸುಮ್ಮನಿದ್ದರೆ ಅದರಲ್ಲಿ ಹೆಚ್ಚುಗಾರಿಕೆ ಏನಿದೆ? ಇವರಿಗೆ ಅದು ಬರಿಗಾಲಲ್ಲಿ ಕೆಂಡ ತುಳಿದ ಹಾಗೆ. ಪ್ರತಿ ಭಾನುವಾರ ತುಳಿಯುತ್ತಿದ್ದರು.

ಎಲ್ಲರ ಭಾರ ಹೊತ್ತು ನಡೆದವರಿಗೆ ತಮ್ಮ ಭಾರ ಮಾತ್ರ ಇಳಿಸಲಾಗಲಿಲ್ಲ. ಏಕೆಂದರೆ ಅವರು ಪ್ರಸಾದ ಕೊಡಬೇಕಾದ ಮನೆಗಳಲ್ಲಿ ನಮ್ಮ ಮನೆಯೂ ಒಂದು. ನಮ್ಮಮ್ಮ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ನಮ್ಮ ಮನೆ ಚರ್ಚಿಗೆ ಅಷ್ಟೇನೂ ದೂರವಲ್ಲ, ಮೊದಲು ಮುಗಿಸಬಹುದಿತ್ತು. ಅತ್ತೆ ಅದನ್ನು ಕೊನೆಗೆ ಇಟ್ಟುಕೊಂಡಿದ್ದರು. ಯಾಕೆಂದು ನನಗೆ ಗೊತ್ತಿತ್ತು, ಮನೆಯವರಿಗೆಲ್ಲ ಗೊತ್ತಿತ್ತು. ನಮ್ಮಮ್ಮನಿಗೆ ಕೊಟ್ಟ ಮೇಲೆ ಡಬ್ಬಿ ಖಾಲಿ. ಡಬ್ಬಿ ಖಾಲಿಯಾದರೆ ಬಾಯಿಗೆ ಬಿಡುಗಡೆ. ಮಗಳ ಮನೆಯಲ್ಲೇ ಬಿಡುಗಡೆ.

ಮಗಳಿಗೂ ಗೊತ್ತಿತ್ತು. ಪ್ರತಿ ಭಾನುವಾರ ಅವಳು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಶಿಲುಬೆ ಇಟ್ಟು, ಮೇಣದ ಬತ್ತಿ ಹಚ್ಚಿ, ಒಂದು ಲೋಟ ನೀರಿಡುತ್ತಿದ್ದಳು. ಅಮ್ಮನಿಗೆ ಬಾಗಿಲು ತೆಗೆಯುತ್ತಿದ್ದಳು. ಪ್ರಾರ್ಥನೆಗೆ ಮೊಣಕಾಲೂರುತ್ತಿದ್ದಳು. “ಕ್ರಿಸ್ತರ ಶರೀರ” ಎಂದು ಅತ್ತೆ ಹೇಳಿ, ನಮ್ಮಮ್ಮ “ಆಮೆನ್” ಎಂದು ನಾಲಿಗೆ ಚಾಚಿದ್ದೇ ತಡ, ಇವಳು ಎದ್ದು ಹಿತ್ತಲಿಗೆ. ಅತ್ತೆ ಡಬ್ಬಿ ಒರೆಸಿ ಚೀಲಕ್ಕೆ ಹಾಕಿ ತಿರುಗುವಷ್ಟರಲ್ಲಿ ಹಿತ್ತಲಲ್ಲಿ ಬಟ್ಟೆ ಒಗೆಯುವ ಶಬ್ದ. ಒಗೆಯಲು ಬಟ್ಟೆಯಿಲ್ಲದಿದ್ದರೆ ಒಗೆದಿಟ್ಟದ್ದನ್ನೇ ಮತ್ತೆ ಒಗೆಯುತ್ತಿದ್ದಳು. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಅವಳ ಬೆನ್ನಿಗೆ ಹೇಳುತ್ತಾ ಹೋಗುತ್ತಿದ್ದರು. ಊಟ ಮಾಡು, ಸಣ್ಣಗಾಗಿದ್ದೀಯ, ನಾನು ಅಂದದ್ದು ಆ ಅರ್ಥದಲ್ಲಲ್ಲ, ತಾಯಿಯಾದವಳು ಕೆಟ್ಟದ್ದು ಬಯಸ್ತಾಳಾ... ನೀರು ಎತ್ತಿ ಹೊಯ್ಯುವ ಶಬ್ದ ಜೋರಾಗುತ್ತಿತ್ತು. ಕೊನೆಗೆ ಅತ್ತೆ ಕಣ್ಣು ತುಂಬಿಕೊಂಡು ಹೊರಟುಹೋಗುತ್ತಿದ್ದರು.

“ನಿಮ್ಮಮ್ಮನ ಜೊತೆ ಒಂದು ಮಾತು ಆಡಿದ್ರೆ ಏನು ಗಂಟು ಹೋಗುತ್ತೆ?” ಎಂದು ಒಮ್ಮೆ ಗದರಿದೆ.

“ಒಂದು ಮಾತಾ ಅತ್ತಿಗೆ?” ಅಂದಳು. “ನಾನು ಒಂದು ಆಡಿದ್ರೆ ಅವಳು ನೂರು ಆಡ್ತಾಳೆ. ಆ ನೂರರಲ್ಲಿ ನನ್ನ ಒಂದು ಎಲ್ಲಿ ಉಳಿಯುತ್ತೆ?”



ಹೀಗಿರುವಾಗ ನಮ್ಮಮ್ಮನಿಗೆ ಕೆಮ್ಮು ಹತ್ತಿತು. ಆ ಭಾನುವಾರ ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅತ್ತೆ ಎಂದಿನಂತೆ ಬಂದರು. ಬಟ್ಟೆ, ಶಿಲುಬೆ, ಮೇಣದ ಬತ್ತಿ ಎಲ್ಲ ಸಿದ್ಧವಿತ್ತು. ಪ್ರಾರ್ಥನೆ ಮುಗಿಸಿ ಡಬ್ಬಿ ತೆರೆದರು. ನಮ್ಮಮ್ಮ ಬಾಯಿ ತೆರೆಯಲು ಹೋದಳು, ಕೆಮ್ಮು ನುಗ್ಗಿ ಬಂತು. ಮತ್ತೆ ಪ್ರಯತ್ನಿಸಿದಳು, ಮತ್ತೆ ಕೆಮ್ಮು. ಅತ್ತೆ ಪ್ರಸಾದದ ಸಣ್ಣ ಚೂರು ಮುರಿದು ಕೊಡಲು ನೋಡಿದರು. ನಮ್ಮಮ್ಮ ಕೈಯಾಡಿಸಿ ಆಗುವುದಿಲ್ಲವೆಂದಳು. ಕಣ್ಣಲ್ಲಿ ನೀರು. ಅತ್ತೆ ಡಬ್ಬಿಯನ್ನು ಬಿಳಿ ಬಟ್ಟೆಯ ಮೇಲಿಟ್ಟು, ಬೀಗಿತ್ತಿಯ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ, ಕೆಮ್ಮು ತಣಿಯುವವರೆಗೂ ಅಂಗೈ ಹಣೆಯ ಮೇಲೇ ಇಟ್ಟುಕೊಂಡು ನಿಂತರು. ನಮ್ಮಮ್ಮನ ಮುಖ ನಿಧಾನವಾಗಿ ಸಡಿಲವಾಯಿತು. ಹೊಟ್ಟೆಗೆ ಸಿಗದಿದ್ದರೂ ಏನೋ ಸಿಕ್ಕಿದೆ ಎಂದು ನೋಡಿದವರಿಗೆ ತಿಳಿಯುತ್ತಿತ್ತು.

ಆಮೇಲೆ ಅತ್ತೆ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿ ಮತ್ತೆ ಕೊರಳಿಗೆ ಹಾಕಿಕೊಂಡರು. ಇದೇ ಮೊದಲ ಸಲ ನಮ್ಮ ಮನೆಯಿಂದ ಅವರು ಖಾಲಿಯಾಗದ ಡಬ್ಬಿಯೊಂದಿಗೆ ಹೊರಡುತ್ತಿದ್ದುದು. ಮಗಳು ಹಿತ್ತಲಿಗೆ ಹೋಗಲು ಎದ್ದವಳು ಅರ್ಧದಲ್ಲಿ ನಿಂತಳು. ಅಮ್ಮನ ಎದೆಯ ಮೇಲಿನ ಚೀಲ ನೋಡಿದಳು. ಅಮ್ಮನ ಮುಖ ನೋಡಿದಳು. ಬಿಗಿದ ತುಟಿ. ಅಮ್ಮ ಬಾಗಿಲು ದಾಟಿದರು. ಇವಳು ಗಂಡನಿಗೆ “ನಿಮ್ಮಮ್ಮನ ಹತ್ರ ಕೂತಿರಿ” ಎಂದು ಹೇಳಿ ಚಪ್ಪಲಿ ಮೆಟ್ಟಿದಳು.

ನಾನು ಹಿಂದೆ ಹೋದೆ. ಹೋಗಬಾರದಿತ್ತು ಅನ್ನುವವರು ನನ್ನ ಜಾಗದಲ್ಲಿದ್ದು ಹೇಳಲಿ.

ಸ್ವಲ್ಪ ದೂರ ಇಬ್ಬರೂ ಅಕ್ಕಪಕ್ಕ ನಡೆದರು. ದಾರಿಯಲ್ಲಿ ಎದುರಾದ ತರಕಾರಿಯವಳು ಪಕ್ಕದಲ್ಲಿ ಯಾರಿದ್ದಾರೆಂದು ನೋಡಿ ಹಿಂದೆ ಸರಿದಳು. ಮನೆಗಳ ಜಗಲಿಯಲ್ಲಿ ಕೂತಿದ್ದವರು ಮಾತು ನಿಲ್ಲಿಸಿದರು. ಬೇಕರಿಯ ಮುಚ್ಚಿದ ಬಾಗಿಲಿನ ಮುಂದೆ ಮಗಳ ದನಿ ಕೇಳಿಸಿತು.

“ಹುಟ್ಟೇ ಇಲ್ಲ ಅಂದ್ಕೋ ಅಂದೆಯಲ್ಲಮ್ಮ.”

ಅತ್ತೆಯ ಹೆಜ್ಜೆ ತಡವರಿಸಿತು. ನಿಲ್ಲಲಿಲ್ಲ.

“ಅವಳು ಒದೀತಿದ್ದಳು. ಕ್ರೀಮಿನ ಚೀಲ ಹಿಡ್ಕೊಂಡು ಬಗ್ಗಿದ್ರೆ ಒಳಗಿಂದ ಒದ್ದು ಗೆರೆ ಸೊಟ್ಟ ಮಾಡ್ತಿದ್ದಳು. ಬೈತಿದ್ದೆ ಅವಳಿಗೆ. ಸುಮ್ನಿರೇ, ಗಿರಾಕಿ ಬಂದಿದ್ದಾರೆ ಅಂತ. ಹುಟ್ಟದೇ ಇರೋಳಿಗೆ ಯಾರಾದ್ರೂ ಬೈತಾರಾ? ಅವಳ ಕಾಲು ನೋಡಿದ್ದೆ ನಾನು. ಉಗುರಿತ್ತು. ಎಲ್ಲರೂ ಬಟ್ಟೇಲಿ ಸುತ್ತಿ ಬೇಗ ಬೇಗ ತಗೊಂಡು ಹೋದ್ರಿ. ನೀನು ಮಾತಾಡ್ತಾನೇ ಇದ್ದೆ. ನೀನು ಮಾತಾಡ್ತಿದ್ದಿದ್ರಿಂದ ನಂಗೆ ಕೊಡಿ ಅಂತ ಕೇಳೋಕೂ ಆಗ್ಲಿಲ್ಲ. ಒಂದ್ಸಲ ಎತ್ಕೋಬೇಕಿತ್ತು.”

ಅವಳು ಅಳುತ್ತಿದ್ದಳು. ಅತ್ತೆಯ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಒಂದು ಸಲ ಬಾಯಿ ತೆರೆದರೆಂದು ಕಾಣುತ್ತದೆ, ಮಗಳು ಥಟ್ಟನೆ ಅವರತ್ತ ನೋಡಿದಳು. ಅತ್ತೆ ಚೀಲವನ್ನು ಎದೆಗೆ ಒತ್ತಿಕೊಂಡರು. ನಡೆಯುತ್ತಲೇ ಇದ್ದರು. ನಾನು ಒಳಗೊಳಗೇ ‘ತಡ್ಕೊಳ್ಳಿ ಅತ್ತೆ, ತಡ್ಕೊಳ್ಳಿ’ ಅನ್ನುತ್ತಿದ್ದೆ. ಜೀವನದಲ್ಲಿ ಯಾರಿಗೋಸ್ಕರವೂ ನಾನು ಅಷ್ಟು ಒತ್ತಾಯದಿಂದ ಪ್ರಾರ್ಥಿಸಿದ್ದಿಲ್ಲ.

ಮಗಳು ಮೂಗು ಒರೆಸಿಕೊಂಡು ಮುಂದುವರಿಸಿದಳು. ದನಿ ಸ್ವಲ್ಪ ಇಳಿದಿತ್ತು. “ಊರ ಮಕ್ಕಳ ಹೆಸರೆಲ್ಲ ಕೇಕಿನ ಮೇಲೆ ಬರೀತೀನಿ. ಬೇಜಾರಿಲ್ಲ. ಆದ್ರೆ ಅವಳಿಗೆ ಅಂದ್ಕೊಂಡಿದ್ದ ಹೆಸರು ಬಂದ್ರೆ ಮಾತ್ರ ಆಗಲ್ಲ. ಪಕ್ಕದವಳಿಗೆ ಕೊಟ್ಬಿಡ್ತೀನಿ ಬರೆಯೋಕೆ.”

ಚರ್ಚು ಬಂತು. ಅತ್ತೆ ಒಳಗೆ ಹೋದರು. ತೆರೆದ ಬಾಗಿಲಿನಿಂದ ಕಾಣುತ್ತಿತ್ತು: ಪ್ರಸಾದವನ್ನು ಕಾಪಿಡುವ ಪೆಟ್ಟಿಗೆಯ ಬೀಗ ತೆಗೆದು, ಉಳಿದದ್ದನ್ನು ಒಳಗಿಟ್ಟು, ಮಂಡಿಯೂರಿದರು. ಏಳಲು ತುಂಬಾ ಹೊತ್ತಾಯಿತು. ಮಗಳು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಹೊರಟುಹೋಗಬಹುದಿತ್ತು, ಹೋಗಲಿಲ್ಲ. ಆದರೆ ಭುಜ ಎತ್ತಿ, ತಲೆ ತಗ್ಗಿಸಿ, ಹೊಡೆತಕ್ಕೆ ಸಿದ್ಧವಾದವಳ ಹಾಗೆ ಕೂತಿದ್ದಳು. ಈಗ ಬರುತ್ತದೆ ಪ್ರವಾಹ ಎಂದು ನಾನೂ ಅಂದುಕೊಂಡೆ. ಇಷ್ಟು ಹೊತ್ತು ಕಟ್ಟಿಟ್ಟದ್ದೆಲ್ಲ ಒಂದೇ ಸಲ ಬರುತ್ತದೆ, ಇದ್ದ ಒಂದು ಎಳೆಯೂ ಹರಿಯುತ್ತದೆ.

ಅತ್ತೆ ಹೊರಗೆ ಬಂದರು. ಕೊರಳಲ್ಲಿ ಚೀಲವಿರಲಿಲ್ಲ. ಮಗಳು ಕೂತ ಮೆಟ್ಟಿಲಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತು, ಅವಳ ಮುಖವನ್ನು ಕೆಳಗಿನಿಂದ ನೋಡಿದರು.

“ಯಾವ ಹೆಸರು ಮಗಳೇ?”

ಅಷ್ಟೇ. ಮತ್ತೆ ಕಾದರು.

ಮಗಳು ಬಗ್ಗಿ ಅಮ್ಮನ ಕಿವಿಯಲ್ಲಿ ಹೇಳಿದಳು. ನನ್ನ ಕಿವಿ ಚುರುಕೇ, ಆದರೂ ನನಗೆ ಕೇಳಿಸಲಿಲ್ಲ. ಅತ್ತೆ ಆ ಹೆಸರನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡರು, ಆಟದಿಂದ ಒಳಗೆ ಬಾ ಎಂದು ಮೊಮ್ಮಗಳನ್ನು ಕರೆಯುವಂತೆ. ಮಗಳು ಅಮ್ಮನ ಹೆಗಲಿಗೆ ತಲೆಯಿಟ್ಟಳು. ನಾನು ಅಲ್ಲಿಂದ ಕಾಲು ಕಿತ್ತೆ. ಕುತೂಹಲಕ್ಕೂ ಒಂದು ಮಿತಿ ಇರಬೇಕು.

ಆ ವಾರ ನಾನು ಸುತ್ತು ಬಳಸದೆ ನೇರವಾಗಿ ಇಸ್ತ್ರಿ ಅಂಗಡಿಗೇ ಹೋದೆ. ಅತ್ತೆ ಬಲಿಪೀಠದ ಬಟ್ಟೆಗೆ ನೀರು ಚಿಮುಕಿಸುತ್ತಿದ್ದರು. ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ಕಾಯಿಲೆಯವರಿಗೆ ಕೊಡಲಾಗದೆ ಪ್ರಸಾದ ಉಳಿದರೆ ಒಯ್ದವರೇ ಅದನ್ನು ಸ್ವೀಕರಿಸಬಹುದು, ವಾಪಸು ತರಲೇಬೇಕೆಂದಿಲ್ಲ. ಇದನ್ನು ಫಾದರೇ ಹಿಂದೊಮ್ಮೆ ಹೇಳಿದ್ದರು.

“ಅತ್ತೆ, ಅವತ್ತು ನೀವೇ ಸ್ವೀಕರಿಸಬಹುದಿತ್ತಲ್ಲ? ಅಲ್ಲೇ ಡಬ್ಬಿ ಖಾಲಿ ಆಗ್ತಿತ್ತು.”

“ಆಗ್ತಿತ್ತು. ಬಾಯಿ ಬಿಡುಗಡೆ ಆಗ್ತಿತ್ತು. ಅದಕ್ಕೇ ಮಾಡ್ಲಿಲ್ಲ ಕಣೆ.” ಇಸ್ತ್ರಿಪೆಟ್ಟಿಗೆ ಎತ್ತಿ, ಕೆಂಡಕ್ಕೆ ಗಾಳಿ ತಾಗುವಂತೆ ಆಚೀಚೆ ಬೀಸಿದರು. “ಅವಳು ಎದ್ದು ಅರ್ಧದಲ್ಲಿ ನಿಂತಳಲ್ಲ, ಚೀಲ ನೋಡಿದಳಲ್ಲ, ಆಗ ಗೊತ್ತಾಯ್ತು. ಎಲ್ಲರೂ ನನ್ನ ಹತ್ರ ಯಾಕೆ ಬಂದು ಹೇಳ್ಕೋತಾರೆ ಅಂತ ಗೊತ್ತಿತ್ತು. ನನ್ನ ಮಗಳಿಗೂ ಅದೇ ಬೇಕು ಅಂತ ಗೊತ್ತಿರಲಿಲ್ಲ ನೋಡು.”

“ತಡ್ಕೊಳ್ಳೋದು ಕಷ್ಟ ಆಯ್ತಾ?”

ಅವರು ಬಟ್ಟೆಯ ಮೂಲೆಗೆ ಮೂಲೆ ಕೂಡಿಸಿ ಮಡಿಸಿದರು. “ನನಗೂ ಒಂದು ಹೋಗಿತ್ತು ಕಣೆ. ಇವಳಿಗಿಂತ ಮೊದಲು. ಹುಟ್ಟೇ ಇಲ್ಲ ಅಂದ್ಕೋ ಅಂತ ನಮ್ಮಮ್ಮ ನನಗೆ ಹೇಳಿದ್ದು. ಹಾಗೇ ಅಂದ್ಕೊಂಡು ಬದುಕಿದೆ. ಅದೇ ಮದ್ದು ಅಂತ ಮಗಳಿಗೂ ಕೊಟ್ಟೆ. ದಾರಿ ಉದ್ದಕ್ಕೂ ಅದು ನಾಲಿಗೆ ತುದೀಲೇ ಇತ್ತು.”

“ಮೆಟ್ಟಿಲ ಮೇಲೆ ಹೇಳ್ಲಿಲ್ವಾ?”

“ಅವತ್ತು ಅವಳ ಕೂಸಿನ ದಿನ. ನಡುವೆ ನನ್ನದನ್ನ ಯಾಕೆ ತಂದು ಹಾಕ್ಲಿ?”

ಹೀಗೆಂದು, ನನ್ನ ಸೆರಗಿನ ಅಂಚು ನೋಡಿ, ಇನ್ನೂ ಅದೇ ಚಪ್ಪಲಿ ಹಾಕ್ತೀಯಲ್ಲೇ ಎಂದು ಶುರುಮಾಡಿದರು. ಆಮೇಲೆ ತರಕಾರಿಯವಳ ಸೀರೆ, ಆಮೇಲೆ ಫಾದರ್ ಮಂಡಿಗೆ ಹಚ್ಚುವ ಎಣ್ಣೆಯ ವಾಸನೆ. ರೇಡಿಯೋ ರೇಡಿಯೋವೇ. ನಾನು ನಿಂತು ಪೂರ್ತಿ ಕೇಳಿದೆ.

ನಮ್ಮ ಚರ್ಚಿನಲ್ಲಿ ಹೆಂಗಸರ ಹೆಚ್ಚುಗಾರಿಕೆಯ ಮೇಲೆ ಆಗಾಗ ಪ್ರಬೋಧನೆ ನಡೆಯುತ್ತದೆ. ಸ್ವಾಮಿಯ ತಾಯಿ ಮರಿಯಮ್ಮನವರು ಎಲ್ಲವನ್ನೂ ಮನಸ್ಸಿನಲ್ಲೇ ಇಟ್ಟುಕೊಂಡವರು ಎಂದಾಗ ನಾನು ಮೊದಲೆಲ್ಲ ಆಕಳಿಸುತ್ತಿದ್ದೆ. ಬಾಯಿಲ್ಲದ ಹೆಂಗಸೇ ಒಳ್ಳೆಯ ಹೆಂಗಸು ಎಂದ ಹಾಗೆ ಕೇಳಿಸುತ್ತಿತ್ತು. ಈಗ ಹಾಗೆ ಕೇಳಿಸುವುದಿಲ್ಲ. ಬಾಯಿರುವವಳು, ಉತ್ತರವೂ ಇರುವವಳು, ಇನ್ನೊಬ್ಬರ ಮಾತಿಗೆ ಜಾಗ ಬಿಟ್ಟು ಅದನ್ನು ತನ್ನೊಳಗೆ ಇಟ್ಟುಕೊಂಡರೆ ಅದು ದೊಡ್ಡ ವರ. ಅದನ್ನು ನಾನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಆ ವರ ನನಗಂತೂ ಇಲ್ಲ. ಅತ್ತೆ ಹೇಳಿದ್ದನ್ನು ನನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಅವರು ಹೇಳಿದ್ದು ಅಂಗಡಿಯಲ್ಲಿ ತಾನೇ, ದಾರಿಯಲ್ಲಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ತಮ್ಮನ ಹೆಂಡತಿಗೆ ಹೇಳಿಬಿಟ್ಟೆ. 

ಮುಂದಿನ ಭಾನುವಾರ ನಮ್ಮಮ್ಮನ ಕೆಮ್ಮು ಇಳಿದಿತ್ತು. ಬಿಳಿ ಬಟ್ಟೆ, ಶಿಲುಬೆ, ಮೇಣದ ಬತ್ತಿ. ಅತ್ತೆ ಬಂದರು. ಪ್ರಾರ್ಥನೆಯಾಯಿತು. “ಕ್ರಿಸ್ತರ ಶರೀರ.” “ಆಮೆನ್.” ನಮ್ಮಮ್ಮ ಸ್ವೀಕರಿಸಿದಳು. ಡಬ್ಬಿ ಖಾಲಿಯಾಯಿತು.

ತಮ್ಮನ ಹೆಂಡತಿ ಎದ್ದಳು. ಹಿತ್ತಲಿಗೆ ಹೋಗಲಿಲ್ಲ. ಮಂಚದ ಕೆಳಗಿನಿಂದ ಮಣೆ ಎಳೆದು ಅಮ್ಮನ ಎದುರು ಹಾಕಿಕೊಂಡು ಕೂತಳು. ಹಾಸಿಗೆಯ ಅಂಚಿನಲ್ಲಿ ಕೂತು ಡಬ್ಬಿ ಒರೆಸುತ್ತಿದ್ದ ಅತ್ತೆ ತಲೆಯೆತ್ತಿದರು. ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಮಗಳು ಅವರ ಮೊಣಕಾಲಿನ ಮೇಲೆ ಕೈಯಿಟ್ಟಳು.

“ಅಮ್ಮಾ, ನಿನ್ನ ಮೊದಲನೇ ಕೂಸಿಗೆ ನೀನು ಏನಂತ ಕರೀತಿದ್ದೆ?”

ತಡೆಯಲು ಎದೆಯ ಮೇಲೆ ಏನೂ ಇರಲಿಲ್ಲ, ಆದರೂ ರೇಡಿಯೋ ಅತ್ತೆಗೆ ಮಾತು ಹೊರಡಲಿಲ್ಲ. ಇಷ್ಟು ವರ್ಷ ಯಾರೂ ಕೇಳದಿದ್ದುದಕ್ಕೆ ಉತ್ತರ ಹುಡುಕುವವರಂತೆ ಮಗಳ ಮುಖವನ್ನೇ ನೋಡುತ್ತಾ ಕೂತರು. ಮಗಳು ಅವಸರ ಮಾಡಲಿಲ್ಲ. ಅಮ್ಮನಿಂದಲೇ ಕಲಿತದ್ದಿರಬೇಕು, ಸುಮ್ಮನೆ ಕಾದಳು.

ನಮ್ಮಮ್ಮ ಹಾಸಿಗೆಯಿಂದಲೇ ಕಣ್ಣು ಬಿಟ್ಟು ನನ್ನನ್ನು ಗದರಿಸಿ, ಹೊರಗೆ ಹೋಗೆಂದು ಕೈ ಮಾಡಿದಳು. ನಾನು ಬಾಗಿಲು ಎಳೆದುಕೊಂಡು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ. ನೀರು ಕುದಿಯಲು ಶುರುವಾದಾಗ ಒಳಗಿನಿಂದ ಅತ್ತೆಯ ದನಿ ಕೇಳಿಸಿತು, ಮೆಲ್ಲಗೆ, ಒಂದೊಂದೇ ಮಾತು.